ಯಾವ್ದು ಮೊದ್ಲು ಮಿಸ್

ಸ್ಟಾಫ್ ರೂಮಿನ ಮೂಲೆಯಲ್ಲಿ ಹಳೇ ಉತ್ತರಪತ್ರಿಕೆಗಳ ಕಟ್ಟು,
ಅವುಗಳ ಖಾಲಿ ಬೆನ್ನ ಮೇಲೆಯೇ ನನ್ನ ಎಲ್ಲ ಯೋಜನೆ.
ಇಂಪನ ಬಂದು ನಿಂತಳು. ಲ್ಯಾಬ್ ಕೋಟಿನ ಜೇಬಿನಲ್ಲಿ
ಆಸಿಡ್ಡು ತಿಂದ ತೂತು, ತೂತಿನಲ್ಲಿ ಒಂದು ಬೆರಳು.
"ನಾಕು ಸಬ್ಜೆಕ್ಟು, ಎಂಟು ತಿಂಗಳು. ಯಾವ್ದು ಮೊದ್ಲು ಮಿಸ್?"

ನೀಟು ಆದರೆ ನೀಟು, ಇಲ್ಲವಾದರೆ ನರ್ಸಿಂಗು,
ಅದೂ ಇಲ್ಲವಾದರೆ ಡಯಾಲಿಸಿಸ್ ಟೆಕ್ನಾಲಜಿ.
ಬೆರಳು ಮಡಚಿ ಎಣಿಸಿದಳು. ಕಿರುಬೆರಳು ಮಡಚದೆ ಬಿಟ್ಟಳು.
ಅದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಕೆಮಿಸ್ಟ್ರಿಯವಳು ನಾನು. ಹಾಗಾಗಿ ಮೊದಲ ಚೌಕದಲ್ಲಿ
ಮೋಲ್. ಅಲ್ಲಿಂದ ಬಾಣ, ದ್ರಾವಣಗಳು.
ಅಲ್ಲಿಂದ ಬಾಣ, ಆಸ್ಮಾಸಿಸ್. ಆಮೇಲೆ ಜೀವಕೋಶದ ಪೊರೆ,
ಆಮೇಲೆ, ನವೆಂಬರಿನ ಹೊತ್ತಿಗೆ, ಕಿಡ್ನಿ.
ಪಕ್ಕದಲ್ಲಿ ಫಿಸಿಕ್ಸಿಗೆ ಬೇರೆ ಸಾಲು:
ಒತ್ತಡ ಓದದೆ ರಕ್ತದೊತ್ತಡ ಓದಬೇಡ
ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.
ಲಾಗರಿದಮ್ ಬರದವರಿಗೆ ಪಿಎಚ್ ಎಲ್ಲಿಂದ ಬರಬೇಕು,
ಗಣಿತವನ್ನೂ ಮುಂದಕ್ಕೆ ತಂದೆ.
ಕಾಗದ ನೋಡಿದರೆ ವಿಸಿ ನಾಲೆಯ ನಕ್ಷೆ:
ತೂಬು, ಕವಲು, ಕಿರುಗಾಲುವೆ,
ಕೊನೇ ಗದ್ದೆಯಲ್ಲಿ ಒಬ್ಬಂಟಿ ಬಯಾಲಜಿ.
ಮೇಲಿನವರು ತೂಬು ಬಿಗಿದರೆ
ಕೊನೆಯವರಿಗೆ ಬರುವುದು ಬರೀ ಸದ್ದು,
ಇದನ್ನು ಮಂಡ್ಯದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಮೂರು ವರ್ಷದ ಕೆಳಗೆ ಇಂಥದೇ ಕಾಗದ
ಗುತ್ತಲಿನ ಮುದಸ್ಸಿರ್‌ಗೆ ಕೊಟ್ಟಿದ್ದೆ, ಇನ್ನೂ ಅಚ್ಚುಕಟ್ಟಾಗಿ.
ಫಿಸಿಕ್ಸೇ ಮೊದಲು ಅಂದಿದ್ದೆ ಆಗ.
ಮೊದಲ ಚೌಕದ ಹೊಸಿಲಲ್ಲೇ ಕೂತ,
ತಿರುಗುವ ಚಕ್ರದ ಲೆಕ್ಕ ತಿರುಗಿಸುತ್ತ ತಿರುಗಿಸುತ್ತ
ಫೆಬ್ರವರಿ.
ಈಗ ನೂರಡಿ ರಸ್ತೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಾನೆ.
ಥೈರಾಯ್ಡ್ ಟೆಸ್ಟಿಗೆ ಹೋದಾಗ "ಮುಷ್ಟಿ ಕಟ್ಟಿ ಮಿಸ್" ಅಂದ,
ಒಂದೇ ಚುಚ್ಚಿಗೆ ನರ ಸಿಕ್ಕಿತು.
ನನ್ನ ಬಾಣಗಳ ಬಗ್ಗೆ ಏನೂ ಅನ್ನಲಿಲ್ಲ.
ಹತ್ತಿ ಒತ್ತಿ, ಎರಡು ನಿಮಿಷ ಹಿಡ್ಕೊಂಡಿರಿ, ಅಂದ.

ಇಂಪನಳ ಅವ್ವ ಕೆಂಪಾಜಮ್ಮ ಮಿಮ್ಸಿನಲ್ಲಿ ಆಯಾ,
ಡಯಾಲಿಸಿಸ್ ವಾರ್ಡು. ಪೋಷಕರ ಸಭೆಗೆ
ನೈಟ್ ಡ್ಯೂಟಿ ಮುಗಿಸಿ ನೀಲಿ ಸೀರೆಯಲ್ಲೇ ಬಂದರು.
ಕಾಗದವನ್ನು ಮೇಲೆ ಕೆಳಗೆ ಮಾಡಿ ನೋಡಿ
"ಇಷ್ಟೆಲ್ಲಾ ಗೀಟು ಯಾಕವ್ವಾ?
ಆ ಮಿಷಿನ್ನು ಎಲ್ಲಾನೂ ಒಟ್ಗೇ ಮಾಡ್ತದೆ.
ಪಂಪು ತಿರುಗ್ತದೆ, ಕ್ಯಾನಿನ ನೀರು ಸೇರ್ತದೆ,
ರಕ್ತ ಹೋಗಿ ಬತ್ತದೆ.
ಯಾವ್ದು ಮೊದ್ಲು ಅಂತ ಅದನ್ನ ಯಾರೂ ಕೇಳಾಕಿಲ್ಲ."
ನಾನು ನಕ್ಕೆ. ಉತ್ತರ ಗೊತ್ತಿಲ್ಲದಾಗ ನಗುವುದು
ಇಪ್ಪತ್ತು ವರ್ಷದ ಸರ್ವೀಸಿನ ಅಭ್ಯಾಸ.

ದಸರಾ ರಜೆ ಕಳೆದ ಮೇಲೆ ಕೇಳಿದೆ, ಎಲ್ಲಿಗೆ ಬಂತು?
"ಕಿಡ್ನಿ ಆಯ್ತು ಮಿಸ್."
ಕಿಡ್ನಿ ನವೆಂಬರಿಗಲ್ಲವೇನೇ?
"ಹಿಂದ್ಲಿಂದ ಶುರು ಮಾಡ್ದೆ. ರಾತ್ರಿ ಅವ್ವಂಗೆ ಮುದ್ದೆ ತಗೊಂಡೋಗ್ತೀನಲ್ಲ,
ಅಲ್ಲೇ ವಾರ್ಡಿನಾಚೆ ಬೆಂಚಲ್ಲಿ ಕೂತು ಓದ್ದೆ.
ಆ ಪೊರೆ ಯಾಕೆ ಅಂತ ಆಸ್ಮಾಸಿಸ್‌ಗೆ ಹೋದೆ,
ಕ್ಯಾನಿಗೆ ಎಷ್ಟು ಉಪ್ಪು ಅಂತ ದ್ರಾವಣಕ್ಕೆ,
ಎಷ್ಟು ಅಂದ್ರೆ ಎಷ್ಟು ಅಂತ ಮೋಲ್‌ಗೆ ಬಂದೆ."

ಇಷ್ಟು ವರ್ಷದಲ್ಲಿ ಮೊದಲ ಸಲ
ಆ ಬಾಗಿಲನ್ನು ಯಾರೋ ಒಳಗಿನಿಂದ ತಟ್ಟಿದ ಹಾಗಾಯಿತು.
ಆದರೂ ಹೇಳಲೇಬೇಕು, ಅವಳ ಮೋಲ್ ಲೆಕ್ಕದಲ್ಲಿ ಮೂರು ತಪ್ಪಿತ್ತು.
"ಫಿಸಿಕ್ಸ್ ಮಾತ್ರ ಮುಟ್ಟಿಲ್ಲ ಮಿಸ್,"
ಮತ್ತೆ ತೂತಿನಲ್ಲಿ ಬೆರಳು.

ಹೊರಗೆ ಕಬ್ಬಿನ ಲಾರಿಯೊಂದು
ಫಸ್ಟ್ ಗೇರಿನಲ್ಲಿ ನರಳುತ್ತ ಏರು ಹತ್ತುತ್ತಿತ್ತು.
ಟಾರ್ಕ್ ಎಂದರೆ ಅದೇ ಕಣೇ, ಎನ್ನಬಹುದಿತ್ತು.
ಅನ್ನಲಿಲ್ಲ. ಕಟ್ಟಿನಿಂದ ಇನ್ನೊಂದು ಹಾಳೆ ಎಳೆದೆ,
ಈ ಸಲ ಪೆನ್ಸಿಲ್ಲು,
ಚೌಕ ಬರೆಯುವ ಮುಂಚೆ ಕೇಳಿದೆ:
ಅವ್ವನಿಗೆ ನೈಟ್ ಡ್ಯೂಟಿ ಯಾವ್ಯಾವ ವಾರ?